ಮಿಕ್ಸರಿನ ಸದ್ದಿಗೆ ಅರ್ಥ್ ಪಿನ್ ಕೀಳುವುದು ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದ ಪ್ರಶ್ನೋತ್ತರದಲ್ಲಿ ಓದುಗರೊಬ್ಬರು ತಮ್ಮ ತೊಂದರೆ ಹೇಳಿಕೊಂಡಿದ್ದರು. ಮೈಕು, ವಾದ್ಯಗಳ ಧ್ವನಿಯನ್ನು ಬೆರೆಸುವ ಡಿಜಿಟಲ್ ಮಿಕ್ಸರನ್ನು ಯುಎಸ್‌ಬಿ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದ ತಕ್ಷಣ ಸ್ಪೀಕರಿನಲ್ಲಿ ಕುಂಯ್ ಎಂದು ಸಣ್ಣಗೆ ಸದ್ದು ಶುರುವಾಗುತ್ತದೆ, ಕೇಬಲ್ ಕಿತ್ತರೆ ನಿಲ್ಲುತ್ತದೆ, ಏನು ಮಾಡಲಿ ಅಂತ. ಅದಕ್ಕೆ ಬಂದ ಉತ್ತರ ಬಹಳ ಚಿಕ್ಕದು. ಒಳ್ಳೆಯ ಗುಣಮಟ್ಟದ ಕೇಬಲ್ ಕೊಳ್ಳಿ. ಆಮೇಲೂ ಸದ್ದು ಹೋಗದಿದ್ದರೆ ಮಿಕ್ಸರಿನ ಪ್ಲಗ್ಗಿನ ಅರ್ಥ್ ಪಿನ್ನಿಗೆ ಟೇಪ್ ಸುತ್ತಿ, ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಹಾಕಿ.

ಮೊದಲನೆಯ ಸಲಹೆ ಕೇಳಿದರೆ ದುಡ್ಡು ಹೋಗುತ್ತದೆ. ಎರಡನೆಯದನ್ನು ಕೇಳಿದರೆ ಜೀವ ಹೋಗಬಹುದು. ಲೈವ್ ಕಾರ್ಯಕ್ರಮಗಳಿಗೆ ಮಿಕ್ಸಿಂಗ್ ಮಾಡುವುದು, ರೆಕಾರ್ಡಿಂಗ್ ಮಾಡಿಕೊಡುವುದು ನನ್ನ ಕಸುಬು. ಈ ಸಲಹೆಯನ್ನು ಬೇರೆ ಬೇರೆ ಬಾಯಿಂದ ಕೇಳುತ್ತಲೇ ಬಂದಿದ್ದೇನೆ. ಅದು ಪತ್ರಿಕೆಯಲ್ಲಿ ಅಚ್ಚಾಗಿ ಬಂದರೆ ಜನ ನಂಬುತ್ತಾರೆ, ಅಲ್ವಾ? ಆದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸಬೇಡಿ. ಕತ್ತರಿಸಲೇಬೇಕು ಎಂದಾದರೆ ಅರ್ಥ್ ಬಗ್ಗೆ ಬರೆದ ಭಾಗವನ್ನು ಮಾತ್ರ ಉಳಿಸಿಕೊಳ್ಳಿ.

ಅರ್ಥ್ ಪಿನ್ ಇರುವ ಮಿಕ್ಸರಿನ ಮೈ ಸಾಮಾನ್ಯವಾಗಿ ಲೋಹದ್ದು. ಒಳಗಿನ ಪವರ್ ಸಪ್ಲೈಯಲ್ಲಿ ಇನ್ಸುಲೇಷನ್ ಹಾಳಾಗಿ ಕರೆಂಟು ಆ ಮೈಗೆ ತಾಗಿತು ಎನ್ನಿ. ಅರ್ಥ್ ಇದ್ದರೆ ಅದು ನೇರವಾಗಿ ಅರ್ಥ್ ತಂತಿಯಲ್ಲಿ ಹರಿದು ಫ್ಯೂಸ್ ಹೋಗುತ್ತದೆ, ಇಲ್ಲವೇ ಬ್ರೇಕರ್ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಬೀಳುವುದಿಲ್ಲ. ಮಿಕ್ಸರ್ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ, ಅದರ ಮೈಯಲ್ಲಿ ಮಾತ್ರ ಮೇನ್ಸ್ ಕರೆಂಟು ಕಾದು ಕೂತಿರುತ್ತದೆ. ಮೈಕಿನ ಕೇಬಲ್ ಸೇರುವ ಎಕ್ಸ್‌ಎಲ್‌ಆರ್ ಕನೆಕ್ಟರಿನ 1ನೇ ಪಿನ್ ಸಾಮಾನ್ಯವಾಗಿ ಮಿಕ್ಸರಿನ ಮೈಗೇ ಸೇರಿರುತ್ತದೆ. ಆ ದಾರಿಯಲ್ಲಿ ಮೈಕಿನ ಲೋಹದ ಜಾಲರಿಗೂ ಕರೆಂಟು ಬರುತ್ತದೆ. ಹಾಡುವವರ ತುಟಿ ತಾಗುವುದು ಅದೇ ಜಾಲರಿಗೆ. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದ್ದರೆ ಅದರ ತಂತಿಗಳು ಗಿಟಾರ್ ಆಂಪ್ಲಿಫೈಯರಿನ ಮೂಲಕ ಅರ್ಥ್ ಆಗಿರುತ್ತವೆ. ಒಂದು ಕಡೆ ತುಟಿ, ಇನ್ನೊಂದು ಕಡೆ ಬೆರಳು, ನಡುವೆ ಎದೆ. 1972ರಲ್ಲಿ ಸ್ಟೋನ್ ದ ಕ್ರೋಸ್ ಎಂಬ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ಆ ಸಾವಿಗೂ ಅರ್ಥಿಂಗ್ ಸರಿಯಿಲ್ಲದ್ದೇ ಕಾರಣ.

ಯುಎಸ್‌ಬಿ ಜೋಡಿಸಿದ್ದಾಗ ಇನ್ನೊಂದು ಅಪಾಯವೂ ಸೇರಿಕೊಳ್ಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಮಿಕ್ಸರಿನ ಅರ್ಥ್ ತೆಗೆದರೆ ಅದು ಪೂರ್ತಿ ಅರ್ಥ್ ಇಲ್ಲದಂತಾಗುವುದಿಲ್ಲ. ಯುಎಸ್‌ಬಿ ಕೇಬಲಿನ ಶೀಲ್ಡ್ (ತಂತಿಗಳ ಸುತ್ತಿನ ಲೋಹದ ಹೊದಿಕೆ) ಮತ್ತು ಗ್ರೌಂಡ್ ತಂತಿಯ (ಕರೆಂಟು ವಾಪಸ್ ಹೋಗುವ ತಂತಿ) ಮೂಲಕ ಕಂಪ್ಯೂಟರಿನ ಅರ್ಥಿಗೆ ಅಂಟಿಕೊಂಡಿರುತ್ತದೆ. ಮಿಕ್ಸರಿನಲ್ಲಿ ದೋಷ ಬಂದರೆ ಆ ಕರೆಂಟೆಲ್ಲ ಕೂದಲೆಳೆಯಂಥ ಆ ತಂತಿಯಲ್ಲೇ ಹರಿಯಬೇಕು. ಅಷ್ಟು ಕರೆಂಟು ಹೊರುವುದಕ್ಕೆ ಅದನ್ನು ಮಾಡಿಲ್ಲ. ತಂತಿ ಸುಡುತ್ತದೆ, ಕಂಪ್ಯೂಟರಿನ ಪೋರ್ಟೂ ಸುಡುತ್ತದೆ. ತಂತಿ ಸುಟ್ಟ ಮೇಲೆ ಮಿಕ್ಸರಿಗೆ ಉಳಿದಿದ್ದ ಆ ಒಂದು ಅರ್ಥೂ ಹೋಗುತ್ತದೆ.

ಟೇಪ್ ಸುತ್ತಿದಾಗ ಕೆಲವೊಮ್ಮೆ ಸದ್ದು ನಿಲ್ಲುವುದು ನಿಜ. ಅದಕ್ಕೇ ಈ ಸಲಹೆ ಸಾಯುತ್ತಿಲ್ಲ. ಅದು ಯಾಕೆ ನಿಲ್ಲುತ್ತದೆ ಎಂದು ಗೊತ್ತಾದರೆ ಅರ್ಥ್ ಮುಟ್ಟದೆಯೇ ನಿಲ್ಲಿಸುವ ದಾರಿಯೂ ಗೊತ್ತಾಗುತ್ತದೆ.

ಯುಎಸ್‌ಬಿ ಕೇಬಲಿನಲ್ಲಿ ಹೋಗುವ ಧ್ವನಿ ಬರೀ ಅಂಕಿಗಳು. ಆ ಅಂಕಿಗಳಿಗೆ ಕುಂಯ್ ಎನ್ನುವುದಾಗಲಿ ಗುಂ ಎನ್ನುವುದಾಗಲಿ ಬಂದು ಅಂಟಿಕೊಳ್ಳಲಾರದು. ಅಂಕಿ ಸರಿಯಾಗಿ ತಲುಪುತ್ತದೆ, ಇಲ್ಲವೇ ಕೆಡುತ್ತದೆ. ಕೆಟ್ಟರೆ ಆ ಕ್ಷಣದ ಧ್ವನಿ ತುಂಡಾಗುತ್ತದೆ. ಫೈಲ್ ಕಾಪಿ ಮಾಡುವಾಗ ಕೆಟ್ಟ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ವ್ಯವಸ್ಥೆ ಇದೆ. ಆಡಿಯೊಗೆ ಅದಿಲ್ಲ, ಸಮಯಕ್ಕೆ ಬಾರದ ಧ್ವನಿ ಉಪಯೋಗಕ್ಕೆ ಬರುವುದಿಲ್ಲವಲ್ಲ. ಹಾಗಾಗಿ ಕೆಟ್ಟ ಯುಎಸ್‌ಬಿ ಕೇಬಲಿನ ಗುರುತು ಚಿಟ್ ಚಿಟ್ ಸದ್ದು, ನಡುನಡುವೆ ಧ್ವನಿ ಮಾಯವಾಗುವುದು, ಅಥವಾ ಮಿಕ್ಸರ್ ಕಂಪ್ಯೂಟರಿಗೆ ಕಾಣಿಸದೇ ಹೋಗುವುದು. ಒಂದೇ ಸಮ ಬರುವ ಕುಂಯ್ ಸದ್ದಿಗೆ ಕೇಬಲ್ ಬದಲಿಸಿದರೆ ಗುಣ ಕಾಣುವುದು ಬಹಳ ಅಪರೂಪ. ಬಂಗಾರದ ಲೇಪ ಇದ್ದರೂ ಅಷ್ಟೇ.

ಹಾಗಾದರೆ ಆ ಕುಂಯ್ ಎಲ್ಲಿಂದ? ಅದೇ ಕೇಬಲಿನಿಂದಲೇ, ಆದರೆ ಅಂಕಿ ಹೋಗುವ ತಂತಿಗಳಿಂದಲ್ಲ. ಪಕ್ಕದ ಗ್ರೌಂಡ್ ತಂತಿಯಿಂದ. ಯುಎಸ್‌ಬಿ 2.0ರ ಹೈ ಸ್ಪೀಡ್ ಸಂಪರ್ಕದಲ್ಲಿ ಕಂಪ್ಯೂಟರ್ ಸೆಕೆಂಡಿಗೆ 8000 ಸಲ ಒಂದು ಹೊಸ ಸರದಿ ಶುರು ಮಾಡುತ್ತದೆ. ಹಳೆಯ ಫುಲ್ ಸ್ಪೀಡಿನಲ್ಲಿ ಸೆಕೆಂಡಿಗೆ 1000 ಸಲ. ಪ್ರತಿ ಸರದಿಯಲ್ಲೂ ಚಿಪ್ಪುಗಳು ಎಳೆಯುವ ಕರೆಂಟು ಒಂದಿಷ್ಟು ಏರಿ ಇಳಿಯುತ್ತದೆ, ಗ್ರೌಂಡ್ ಅದರ ಜೊತೆ ಅಲುಗುತ್ತದೆ. 1000 ಹರ್ಟ್ಸ್ ಆಗಲಿ 8000 ಹರ್ಟ್ಸ್ ಆಗಲಿ ಎರಡೂ ನಮ್ಮ ಕಿವಿಗೆ ಚೆನ್ನಾಗಿ ಕೇಳಿಸುವ ಸ್ವರಗಳೇ. ಇದರ ಮೇಲೆ ಗ್ರಾಫಿಕ್ಸ್ ಚಿಪ್ಪಿನ ಕೆಲಸ, ಪ್ರೊಸೆಸರಿನ ಕೆಲಸ, ಚಾರ್ಜರಿನ ಒಳಗಿನ ಸ್ವಿಚಿಂಗ್ ಎಲ್ಲ ಸೇರುತ್ತವೆ. ಮೌಸ್ ಸರಿಸಿದಾಗ ಸದ್ದಿನ ದನಿ ಬದಲಾಗುವುದನ್ನು ಸುಮಾರು ಜನ ಗಮನಿಸಿರುತ್ತಾರೆ. ಕಾರಣ ಇದೇ.

ಗ್ರೌಂಡ್ ಅಲುಗಿದರೆ ಮಾತ್ರ ಸಾಲದು, ಅದಕ್ಕೆ ಹರಿಯಲು ಒಂದು ಸುತ್ತು ಬೇಕು. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಅರ್ಥಿಗೆ ಸೇರಿದೆ. ಮಿಕ್ಸರೂ ಅರ್ಥಿಗೆ ಸೇರಿದೆ, ಸ್ಪೀಕರೂ ಸೇರಿದೆ. ಯುಎಸ್‌ಬಿ ಹಾಕಿದ ಕೂಡಲೇ ಸುತ್ತು ಪೂರ್ತಿಯಾಗುತ್ತದೆ: ಲ್ಯಾಪ್‌ಟಾಪಿನಿಂದ ಯುಎಸ್‌ಬಿ, ಅಲ್ಲಿಂದ ಮಿಕ್ಸರ್, ಅಲ್ಲಿಂದ ಆಡಿಯೊ ಕೇಬಲಿನ ಶೀಲ್ಡ್, ಸ್ಪೀಕರ್, ಗೋಡೆಯ ಅರ್ಥ್, ಮತ್ತೆ ಲ್ಯಾಪ್‌ಟಾಪ್. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ. ಮಿಕ್ಸರಿನಿಂದ ಸ್ಪೀಕರಿಗೆ ಹೋಗುವ ಕೇಬಲ್ ಅನ್‌ಬ್ಯಾಲೆನ್ಸ್ಡ್ ಆಗಿದ್ದರೆ, ಅಂದರೆ ಒಳಗೆ ಒಂದೇ ಸಿಗ್ನಲ್ ತಂತಿ ಮತ್ತು ಅದರ ಸುತ್ತ ಶೀಲ್ಡ್ ಇದ್ದರೆ, ಆ ಶೀಲ್ಡ್ ಎರಡು ಕೆಲಸ ಮಾಡುತ್ತಿರುತ್ತದೆ. ಹಾಡಿನ ಸಿಗ್ನಲ್ಲಿಗೆ ವಾಪಸ್ ದಾರಿಯೂ ಅದೇ, ಲೂಪಿನ ಕರೆಂಟಿಗೆ ದಾರಿಯೂ ಅದೇ. ಒಂದು ಲೆಕ್ಕ ನೋಡಿ. ಶೀಲ್ಡಿನ ರೆಸಿಸ್ಟೆನ್ಸ್ 0.1 ಓಮ್ ಇದ್ದು, 10 ಮಿಲಿಆಂಪ್ ಹರಿದರೆ 1 ಮಿಲಿವೋಲ್ಟ್ ಹುಟ್ಟುತ್ತದೆ. ಮನೆಬಳಕೆಯ ಆಡಿಯೊ ಉಪಕರಣಗಳ ಲೈನ್ ಲೆವೆಲ್, ಅಂದರೆ ಹಾಡಿನ ಸಿಗ್ನಲ್ಲಿನ ಮಾಮೂಲಿ ಮಟ್ಟ, ಸುಮಾರು 316 ಮಿಲಿವೋಲ್ಟ್. ಹಾಡಿಗಿಂತ ಬರೀ 50 ಡೆಸಿಬೆಲ್ ಕೆಳಗೆ ಆ ಕುಂಯ್ ಕೂತಿರುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಅದು ತಲೆ ತಿನ್ನುವುದಕ್ಕೆ ಸಾಕು.

ಈ ಸುತ್ತು ಹಾದುಹೋಗುವ ಅರ್ಥ್ ಪಿನ್ನಿಗೆ ಟೇಪ್ ಸುತ್ತಿದರೆ ಅದು ತುಂಡಾಗುತ್ತದೆ, ಸದ್ದು ನಿಲ್ಲುತ್ತದೆ. ಆದರೆ ಸುತ್ತನ್ನು ತುಂಡು ಮಾಡಲು ಬೇರೆ ಜಾಗಗಳಿವೆ. ಜೀವ ಕಾಯುವ ತಂತಿಯನ್ನೇ ಯಾಕೆ ಆರಿಸಬೇಕು?

ಒಬ್ಬ ಹಾಡುಗಾರ್ತಿಯ ವಿಷಯ ಹೇಳುತ್ತೇನೆ. ಆನ್‌ಲೈನಿನಲ್ಲಿ ಹಾಡು ಕಲಿಸುತ್ತಾರೆ. ಮಿಕ್ಸರಿನಿಂದ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ, ಮಿಕ್ಸರಿನಿಂದಲೇ ಕೋಣೆಯ ಪವರ್ಡ್ ಸ್ಪೀಕರಿಗೆ (ಒಳಗೇ ಆಂಪ್ಲಿಫೈಯರ್ ಇರುವಂಥದ್ದು) ಜೋಡಣೆ. ಪಾಠದ ಪುಟ ಸ್ಕ್ರೋಲ್ ಮಾಡಿದಾಗಲೆಲ್ಲ ಸ್ಪೀಕರ್ ಕಿರುಗುಡುತ್ತಿತ್ತು. ಅವರಿಗೆ ಮೊದಲು ದುಬಾರಿ ಕೇಬಲ್ ಮಾರಿದರು. ಆಮೇಲೆ ಸ್ವಂತ ಕರೆಂಟು ಇರುವ ಯುಎಸ್‌ಬಿ ಹಬ್ (ಪವರ್ಡ್ ಹಬ್) ಮಾರಿದರು. ಕೊನೆಗೆ ಲ್ಯಾಪ್‌ಟಾಪೇ ಸರಿಯಿಲ್ಲ, ಬದಲಿಸಿ ಎಂದರು. ಅವರು ನನಗೆ ಫೋನ್ ಮಾಡಿದಾಗ ಅಳುವುದೊಂದು ಬಾಕಿ ಇತ್ತು.

"ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ ಮೇಡಂ," ಎಂದೆ. "ಕಂಪ್ಯೂಟರಿನದ್ದೇ ಕೀಳಬೇಕಾ?" ಎಂದರು. ಹೌದು, ಬ್ಯಾಟರಿಯಲ್ಲೇ ಓಡಲಿ ಎಂದೆ. ಆಚೆ ಕಡೆ ಒಂದು ಕ್ಷಣ ಮೌನ. "ಅಯ್ಯೋ, ನಿಂತೇ ಹೋಯ್ತಲ್ಲ ಸರ್!"

ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಚಾರ್ಜರ್ ತೆಗೆದಾಗ ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಡ್ರೈವರನ್ನಾಗಲಿ ಮಿಕ್ಸರನ್ನಾಗಲಿ ಬೈಯುವ ಅಗತ್ಯವೇ ಇಲ್ಲ. ನಿಮ್ಮ ಅಂಕಣದವರು ಉತ್ತರ ಕೊಡುವ ಮೊದಲು ಇದೊಂದನ್ನು ಕೇಳಿದ್ದರೆ ಸಾಕಿತ್ತು.

ಆಮೇಲೆ ಇನ್ನೊಂದು ನೋಡಲು ಹೇಳಿದೆ. ಚಾರ್ಜರ್ ಮತ್ತೆ ಹಾಕಿ, ಸದ್ದು ಬರುತ್ತಿರುವಾಗ ಮಿಕ್ಸರಿನ ಮುಖ್ಯ ಔಟ್‌ಪುಟ್ ಮೀಟರ್ ನೋಡಿ, ಫೇಡರ್ (ಧ್ವನಿ ಏರಿಸಿ ಇಳಿಸುವ ಜಾರುಗುಂಡಿ) ಪೂರ್ತಿ ಇಳಿಸಿ. ಫೇಡರ್ ಇಳಿಸಿದರೂ ಸದ್ದು ಅಷ್ಟೇ ಇತ್ತು, ಮೀಟರಿನಲ್ಲಿ ಏನೂ ಇರಲಿಲ್ಲ. ಇದು ಡಿಜಿಟಲ್ ಮಿಕ್ಸರಿನ ದೊಡ್ಡ ಅನುಕೂಲ. ಮೀಟರ್ ತೋರಿಸುವುದು ಒಳಗಿರುವ ಅಂಕಿಗಳನ್ನು. ಅಲ್ಲಿ ಇಲ್ಲದ ಸದ್ದು ಸ್ಪೀಕರಿನಲ್ಲಿ ಇದೆ ಎಂದರೆ ಅದು ಅಂಕಿ ಮತ್ತೆ ವೋಲ್ಟೇಜ್ ಆದ ಮೇಲೆ, ಅಂದರೆ ಮಿಕ್ಸರಿನ ಔಟ್‌ಪುಟ್ಟಿನಿಂದ ಸ್ಪೀಕರಿನ ತನಕದ ದಾರಿಯಲ್ಲಿ ಸೇರಿದ್ದು. ಲ್ಯಾಪ್‌ಟಾಪಿನಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿದರೆ ಪೂರ್ತಿ ಶುದ್ಧವಾಗಿತ್ತು. ಅವರ ವಿದ್ಯಾರ್ಥಿಗಳಿಗೆ ಆ ಸದ್ದು ಕೇಳಿಸಿಯೇ ಇರಲಿಲ್ಲ. ಹಿಂಸೆಯೆಲ್ಲ ಅವರೊಬ್ಬರಿಗೇ.

ಮಿಕ್ಸರಿನಿಂದ ಸ್ಪೀಕರಿಗೆ ಹಾಕಿದ್ದು ಮೋನೊ ಜಾಕಿನ ಅನ್‌ಬ್ಯಾಲೆನ್ಸ್ಡ್ ಕೇಬಲ್. ಎರಡೂ ಕಡೆ ಬ್ಯಾಲೆನ್ಸ್ಡ್ ಸೌಲಭ್ಯ ಇತ್ತು, ಯಾರೂ ಬಳಸಿರಲಿಲ್ಲ ಅಷ್ಟೇ. ಬ್ಯಾಲೆನ್ಸ್ಡ್ ಕೇಬಲಿನಲ್ಲಿ ಸಿಗ್ನಲ್ಲಿಗೆ ಎರಡು ತಂತಿಗಳು, ಶೀಲ್ಡ್ ಬೇರೆ. ಸ್ಪೀಕರ್ ಆ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎರಡರಲ್ಲೂ ಸಮನಾಗಿ ಬಂದ ಗಲೀಜು ಕಳೆದುಹೋಗುತ್ತದೆ. ಕೇಬಲ್ ಬದಲಿಸಿ, ಲ್ಯಾಪ್‌ಟಾಪ್, ಮಿಕ್ಸರ್, ಸ್ಪೀಕರ್ ಮೂರನ್ನೂ ಅರ್ಥ್ ಸರಿ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆವು. ಸದ್ದು ಹೋಯಿತು. ಚಾರ್ಜರ್ ಹಾಕಿದ್ದಂತೆಯೇ, ಅರ್ಥ್ ಇದ್ದಂತೆಯೇ. ಒಂದೇ ಬೋರ್ಡ್ ಯಾಕೆ ಎಂದರೆ, ಬೇರೆ ಬೇರೆ ಸಾಕೆಟ್ಟುಗಳ ಅರ್ಥ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸ ಕಡಿಮೆಯಾದರೆ ಲೂಪಿನಲ್ಲಿ ಹರಿಯುವ ಕರೆಂಟೂ ಕಡಿಮೆಯಾಗುತ್ತದೆ.

ಉಪಕರಣದಲ್ಲಿ ಬ್ಯಾಲೆನ್ಸ್ಡ್ ಸೌಲಭ್ಯ ಇಲ್ಲದಿದ್ದರೆ ಆಡಿಯೊ ಕೇಬಲಿನ ದಾರಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಐಸೊಲೇಟರ್ ಹಾಕಬಹುದು, ಅದು ತಂತಿಗಳನ್ನು ನೇರ ಸೇರಿಸದೆ ಸಿಗ್ನಲನ್ನು ಮಾತ್ರ ದಾಟಿಸುತ್ತದೆ. ಇಲ್ಲವೇ ಟ್ರಾನ್ಸ್‌ಫಾರ್ಮರ್ ಇರುವ, ಅನ್‌ಬ್ಯಾಲೆನ್ಸ್ಡ್ ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡುವ ಡಿಐ ಬಾಕ್ಸ್. ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತುವುದಕ್ಕೆ ಹೆದರಬೇಕಿಲ್ಲ. ಅದು ಬಿಡಿಸುವುದು ಆಡಿಯೊ ಕೇಬಲಿನ ಶೀಲ್ಡನ್ನು, ಮೇನ್ಸಿನ ಅರ್ಥನ್ನಲ್ಲ. ಈ ಎರಡನ್ನು ಕಲಸಿಕೊಂಡದ್ದರಿಂದಲೇ ಟೇಪ್ ಸುತ್ತುವ ಸಲಹೆ ಹುಟ್ಟಿತು ಎಂದು ನನ್ನ ಅನುಮಾನ. ಮುಖ್ಯವಾದ ರೆಕಾರ್ಡಿಂಗ್ ಇದ್ದ ದಿನ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸುವುದೂ ಒಳ್ಳೆಯ ದಾರಿಯೇ.

ಯುಎಸ್‌ಬಿ ಐಸೊಲೇಟರ್ ಎಂಬ ಚಿಕ್ಕ ಡಬ್ಬಿಯೂ ಸಿಗುತ್ತದೆ, ಗ್ರೌಂಡ್ ಸೇರಿಸದೆ ಅಂಕಿಗಳನ್ನು ಮಾತ್ರ ದಾಟಿಸುವುದು ಅದರ ಕೆಲಸ. ಕೊಳ್ಳುವ ಮೊದಲು ಅದರ ವೇಗ ನೋಡಿ. ಅಗ್ಗದವುಗಳಲ್ಲಿ ಸಾಕಷ್ಟು ಡಬ್ಬಿಗಳು ಫುಲ್ ಸ್ಪೀಡ್ ತನಕ, ಅಂದರೆ ಸೆಕೆಂಡಿಗೆ 12 ಮೆಗಾಬಿಟ್ ತನಕ ಮಾತ್ರ. ಎರಡು ಚಾನೆಲ್, ಸೆಕೆಂಡಿಗೆ 48000 ಸ್ಯಾಂಪಲ್ (ಧ್ವನಿಯ ಅಳತೆಗಳು), ಒಂದೊಂದಕ್ಕೆ 24 ಬಿಟ್ ಎಂದರೆ ಸೆಕೆಂಡಿಗೆ ಸುಮಾರು 2.3 ಮೆಗಾಬಿಟ್. ಅದೇನೋ ಹಿಡಿಸುತ್ತದೆ. 18 ಚಾನೆಲ್ ಆದರೆ 20.7 ಮೆಗಾಬಿಟ್, 32 ಚಾನೆಲ್ ಆದರೆ 36.9. ಅದೂ ಒಂದು ದಿಕ್ಕಿಗೆ ಮಾತ್ರ. ಅಂಥ ಮಿಕ್ಸರಿಗೆ 480 ಮೆಗಾಬಿಟ್ಟಿನ ಹೈ ಸ್ಪೀಡ್ ಐಸೊಲೇಟರೇ ಬೇಕು, ಅದು ದುಬಾರಿ. ನಾನು ಅದನ್ನು ಕೊನೆಗೆ ಇಡುತ್ತೇನೆ, ಮೊದಲು ಬ್ಯಾಲೆನ್ಸ್ಡ್ ಕೇಬಲ್. ಪವರ್ಡ್ ಹಬ್ ಲೂಪನ್ನು ಬಿಡಿಸುವುದಿಲ್ಲ, ಗ್ರೌಂಡ್ ಅದರ ಮೂಲಕ ಹಾಗೇ ದಾಟಿ ಹೋಗುತ್ತದೆ. ಕೇಬಲಿಗೆ ಕಚ್ಚಿಸುವ ಫೆರೈಟ್ ಉಂಡೆಯೂ ಅಷ್ಟೇ. ರೇಡಿಯೊ ತರಂಗದ ಕಾಟಕ್ಕೆ ಅದು ಒಳ್ಳೆಯದು, 1000 ಹರ್ಟ್ಸಿನ ಕುಂಯ್ ಸದ್ದಿಗೆ ಏನೂ ಮಾಡದು. ನಿಮ್ಮ ಮಿಕ್ಸರಿನಲ್ಲಿ ನೆಟ್‌ವರ್ಕ್ ಕೇಬಲಿನಲ್ಲಿ ಆಡಿಯೊ ಕಳಿಸುವ ಸೌಲಭ್ಯ ಇದ್ದರೆ ಅದನ್ನೂ ನೋಡಬಹುದು. ಈಥರ್ನೆಟ್ ಪೋರ್ಟಿನಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಶೀಲ್ಡ್ ಇಲ್ಲದ ಕೇಬಲ್ ಬಳಸಿದರೆ ಗ್ರೌಂಡ್ ಸೇರುವುದೇ ಇಲ್ಲ.

ಸದ್ದು ಕುಂಯ್ ಎನ್ನದೆ ಗುಂ ಎಂದರೆ ಅದು ಮೇನ್ಸಿನದು. ಮೇನ್ಸ್ 50 ಹರ್ಟ್ಸ್ ಇರುವ ಕಡೆ 50, 100, 150ರಲ್ಲಿ ಕೇಳುತ್ತದೆ. 60 ಇರುವ ಕಡೆ 60, 120, 180ರಲ್ಲಿ. ಕಿವಿಗೆ ಗೊತ್ತಾಗದಿದ್ದರೆ ಸ್ಪೀಕರಿನ ಸದ್ದನ್ನು ಮೈಕಿನಲ್ಲಿ ಒಂದಿಷ್ಟು ರೆಕಾರ್ಡ್ ಮಾಡಿ ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ ತೆಗೆದು ನೋಡಿ. ಗೆರೆ ಎಲ್ಲಿ ಎದ್ದಿದೆ ಎಂಬುದೇ ಕಳ್ಳ ಯಾರೆಂದು ಹೇಳುತ್ತದೆ. ಮೊಬೈಲ್ ಪಕ್ಕದಲ್ಲಿದ್ದಾಗ ಕೇಳುವ ಟಿಟಿಟ್ ಟಿಟಿಟ್ ಸದ್ದು 217 ಹರ್ಟ್ಸಿನದು, ಜಿಎಸ್‌ಎಂ ಫೋನಿನ ಗುರುತು. ಅದಕ್ಕೆ ಫೋನನ್ನು ದೂರ ಇಟ್ಟರಾಯಿತು. ಎರಡು ಪಿನ್ನಿನ ಚಾರ್ಜರಿನಲ್ಲೂ ಸದ್ದು ಬರಬಹುದು. ಅದರೊಳಗಿನ ಒಂದು ಸಣ್ಣ ಕೆಪಾಸಿಟರಿನ ಮೂಲಕ ಚೂರೇ ಚೂರು ಮೇನ್ಸ್ ಕರೆಂಟು ಲ್ಯಾಪ್‌ಟಾಪಿನ ಗ್ರೌಂಡಿಗೆ ಸೋರುತ್ತಿರುತ್ತದೆ. ಲೋಹದ ಲ್ಯಾಪ್‌ಟಾಪ್ ಸವರಿದಾಗ ಬೆರಳು ಜುಮ್ಮೆನ್ನುವುದು ಇದರಿಂದಲೇ. ಇದಕ್ಕೂ ಮದ್ದು ಮೇಲೆ ಹೇಳಿದ್ದೇ.

ಇನ್ನು ಚಿಟ್ ಚಿಟ್. ಇದಕ್ಕೂ ಅರ್ಥಿಗೂ ಸಂಬಂಧವಿಲ್ಲ. ಇದು ಅಂಕಿಗಳು ಸಮಯಕ್ಕೆ ಸಿಗದ ತೊಂದರೆ. ಕಂಪ್ಯೂಟರ್ ಧ್ವನಿಯನ್ನು ಬಫರ್ ಎಂಬ ಜಾಗದಲ್ಲಿ ಕೂಡಿಟ್ಟುಕೊಂಡು ಕಳಿಸುತ್ತದೆ. ನೀರಿನ ತೊಟ್ಟಿ ಇದ್ದ ಹಾಗೆ. ತೊಟ್ಟಿಗೆ ನೀರು ಬಿಟ್ಟು ಬಿಟ್ಟು ಬರುತ್ತದೆ, ನಲ್ಲಿ ಮಾತ್ರ ಒಂದೇ ಸಮ ಹರಿಯಬೇಕು. ತೊಟ್ಟಿ ತೀರಾ ಚಿಕ್ಕದಾದರೆ ಆಗಾಗ ಬರಿದಾಗುತ್ತದೆ, ಆಗ ಚಿಟ್ ಎನ್ನುತ್ತದೆ. 48000 ಸ್ಯಾಂಪಲ್ ರೇಟಿನಲ್ಲಿ 64 ಸ್ಯಾಂಪಲಿನ ಬಫರ್ ಎಂದರೆ 1.3 ಮಿಲಿಸೆಕೆಂಡು, 512 ಎಂದರೆ 10.7 ಮಿಲಿಸೆಕೆಂಡು. ಸುಮ್ನೆ ರೆಕಾರ್ಡ್ ಮಾಡುವುದಾದರೆ 512 ಇಡಿ, ಏನೂ ನಷ್ಟವಿಲ್ಲ. ತಮ್ಮ ದನಿಯನ್ನು ಕಂಪ್ಯೂಟರಿನಿಂದ ವಾಪಸ್ ಕೇಳಿಕೊಂಡು ಹಾಡುವವರಿಗೆ ಮಾತ್ರ ಚಿಕ್ಕ ಬಫರ್ ಬೇಕು. ಅವರೂ ಮಿಕ್ಸರಿನಿಂದಲೇ ನೇರ ಕೇಳಿಕೊಂಡರೆ ಆ ಚಿಂತೆ ಇಲ್ಲ. ವಿಂಡೋಸಿನಲ್ಲಿ ಮಿಕ್ಸರ್ ತಯಾರಕರ ಏಸಿಯೊ (ಎಎಸ್‌ಐಒ) ಎಂಬ ಆಡಿಯೊ ಡ್ರೈವರ್ ಹಾಕಿಕೊಳ್ಳಿ. ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಆಫ್ ಮಾಡಿ. ಮಿಕ್ಸರನ್ನು ಹಬ್ಬಿಗೆ ಹಾಕದೆ ಕಂಪ್ಯೂಟರಿನ ಪೋರ್ಟಿಗೇ ಹಾಕಿ, ಕೇಬಲ್ 5 ಮೀಟರ್ ದಾಟದಿರಲಿ. ಇಷ್ಟಾದರೂ ಬಂದರೆ ವೈಫೈ ಆಫ್ ಮಾಡಿ ನೋಡಿ. ಎಷ್ಟೋ ಸಲ ಪ್ರೊಸೆಸರನ್ನು ತಡೆದು ನಿಲ್ಲಿಸುವುದು ವೈಫೈ ಡ್ರೈವರೇ. ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್ ಯಾವ ಡ್ರೈವರ್ ತಡೆಯುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ.

ಚಿಟ್ ಸದ್ದು ಗಡಿಯಾರದ ಹಾಗೆ ಲೆಕ್ಕವಾಗಿ ಬರುತ್ತಿದ್ದರೆ ಬಫರ್ ಬಿಡಿ, ಕ್ಲಾಕ್, ಅಂದರೆ ಸ್ಯಾಂಪಲುಗಳಿಗೆ ತಾಳ ಹಾಕುವ ಒಳಗಿನ ಗಡಿಯಾರ ನೋಡಿ. ಮಿಕ್ಸರಿನಿಂದ ಧ್ವನಿ ತೆಗೆದುಕೊಂಡು ಲ್ಯಾಪ್‌ಟಾಪಿನ ಸ್ವಂತ ಹೆಡ್‌ಫೋನ್ ಜಾಕಿನಲ್ಲಿ ಕೇಳುವವರಲ್ಲಿ ಇದು ಜಾಸ್ತಿ. ಎರಡೂ 48000 ಎಂದು ಹೇಳಿಕೊಂಡರೂ ಎರಡರ ಒಳಗೂ ಆ ತಾಳ ಕೊಡುವ ಕ್ರಿಸ್ಟಲ್ ಬೇರೆ ಬೇರೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಪ್ರತಿ ಸೆಕೆಂಡಿಗೆ 2.4 ಸ್ಯಾಂಪಲ್ ಹೆಚ್ಚುಕಡಿಮೆಯಾಗುತ್ತದೆ. ಅದು ಸೇರುತ್ತ ಸೇರುತ್ತ ಒಂದು ಹಂತದಲ್ಲಿ ಬಫರ್ ತುಂಬಿಯೋ ಬರಿದಾಗಿಯೋ ಚಿಟ್ ಎನ್ನುತ್ತದೆ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಮಿಕ್ಸರನ್ನೇ ಆರಿಸಿಕೊಂಡರೆ ತೊಂದರೆ ಮುಗಿಯಿತು. ಮ್ಯಾಕ್‌ನಲ್ಲಿ ಎರಡನ್ನೂ ಒಟ್ಟಿಗೆ ಬಳಸಲೇಬೇಕಾದರೆ ಅಗ್ರಿಗೇಟ್ ಡಿವೈಸ್ (ಎರಡನ್ನೂ ಒಂದೇ ಉಪಕರಣದಂತೆ ಸೇರಿಸಿದ್ದು) ಮಾಡಿ ಡ್ರಿಫ್ಟ್ ಕರೆಕ್ಷನ್ ಆನ್ ಮಾಡಬೇಕು. ಸ್ಯಾಂಪಲ್ ರೇಟೇ ಹೊಂದದಿದ್ದರೆ ಗೊತ್ತಾಗದೇ ಇರದು. 48000ದಲ್ಲಿ ಹಾಡಿದ್ದನ್ನು 44100 ಎಂದು ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಇಳಿದು, ಹಾಡು ನಿಧಾನವಾಗುತ್ತದೆ.

ಪ್ರತಿಧ್ವನಿ ಅಥವಾ ಕೂಗು ಬಂದರೆ ರೂಟಿಂಗ್, ಅಂದರೆ ಯಾವ ಧ್ವನಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ. ಕಂಪ್ಯೂಟರಿಗೆ ಕಳಿಸಿದ ಧ್ವನಿ ಯುಎಸ್‌ಬಿ ರಿಟರ್ನಿನಲ್ಲಿ ವಾಪಸ್ ಬಂದು ಮತ್ತೆ ಕಂಪ್ಯೂಟರಿಗೇ ಹೋಗುತ್ತಿರುತ್ತದೆ. ಬರೀ ಸುಯ್ ಎಂಬ ಸದ್ದು ಆದರೆ ಅದು ಗೇನ್, ಅಂದರೆ ಮೈಕಿನ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣದ ವಿಷಯ. ಮೈಕಿನ ಗೇನ್ ಕಡಿಮೆ ಇಟ್ಟು ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿದರೆ ಸುಯ್ ಕೂಡ ಜೊತೆಗೇ ಏರುತ್ತದೆ. ಮೀಟರ್ ಸರಾಸರಿ ಮೈನಸ್ 18 ಡೆಸಿಬೆಲ್ ಹತ್ತಿರ ಇರುವಂತೆ ಮಿಕ್ಸರಿನಲ್ಲೇ ಗೇನ್ ಕೊಡಿ.

ತಯಾರಕರ ಬಗ್ಗೆಯೂ ಒಂದು ಮಾತು. ಬ್ಯಾಲೆನ್ಸ್ಡ್ ಕೇಬಲ್ ಹಾಕಿದರೂ ಕೆಲವು ಉಪಕರಣಗಳಲ್ಲಿ ಸದ್ದು ಉಳಿಯುತ್ತದೆ. 1ನೇ ಪಿನ್ನನ್ನು ಕನೆಕ್ಟರಿನ ಬಳಿಯೇ ಲೋಹದ ಮೈಗೆ ಸೇರಿಸುವ ಬದಲು ಒಳಗಿನ ಸರ್ಕ್ಯೂಟಿನ ಗ್ರೌಂಡಿಗೆ ಸೇರಿಸಿರುತ್ತಾರೆ. ಆಗ ಶೀಲ್ಡಿನ ಗಲೀಜೆಲ್ಲ ನೇರ ಸರ್ಕ್ಯೂಟಿನೊಳಗೆ. ನೀಲ್ ಮನ್ಸಿ ಎಂಬ ಎಂಜಿನಿಯರ್ 1995ರಲ್ಲೇ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಬರೆದರು. ಆಮೇಲೆ ಆ ಸೊಸೈಟಿ ಎಇಎಸ್48 ಎಂಬ ಮಾನದಂಡವನ್ನೂ ತಂದಿತು. ಇಷ್ಟು ವರ್ಷ ಆದ ಮೇಲೂ ಬಳಕೆದಾರರು ತಮ್ಮದೇ ತಪ್ಪು ಎಂದುಕೊಂಡು ಕೇಬಲ್ ಮೇಲೆ ಕೇಬಲ್ ಕೊಳ್ಳುತ್ತಿರುವುದು ನನಗೆ ತುಂಬ ಬೇಸರದ ವಿಷಯ. ಯುಎಸ್‌ಬಿ ಇರುವ ಪ್ರತಿ ಮಿಕ್ಸರಿನ ಕೈಪಿಡಿಯಲ್ಲಿ ಒಂದು ಪುಟ ಬೇಕು. ಕಂಪ್ಯೂಟರ್ ಜೋಡಿಸಿದಾಗ ಸದ್ದು ಬಂದರೆ ಹೀಗೆ ನೋಡಿ, ಹೀಗೆ ಸರಿಪಡಿಸಿ, ಅರ್ಥ್ ಮಾತ್ರ ಮುಟ್ಟಬೇಡಿ ಎಂದು. ಆ ಪುಟ ಇಲ್ಲದ ಕಾರಣಕ್ಕೇ ಜನ ಪತ್ರಿಕೆಗೆ ಬರೆದು ಕೇಳುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಅರ್ಥ್ ಪಿನ್ನಿಗೆ ಟೇಪ್ ಸುತ್ತಿ ಎಂಬ ಸಲಹೆಯನ್ನು ಹಿಂದಕ್ಕೆ ಪಡೆದಿರುವುದಾಗಿ ಅದೇ ಪುಟದಲ್ಲಿ, ಅದೇ ಅಂಕಣದಲ್ಲಿ, ಎದ್ದು ಕಾಣುವಂತೆ ಹಾಕಿ. ಯಾರೋ ಈಗಾಗಲೇ ಟೇಪ್ ಸುತ್ತಿರಬಹುದು. ಅವರು ಪ್ಲಗ್ ಕಿತ್ತು, ಟೇಪ್ ಬಿಚ್ಚಿ, ಎಕ್ಸ್‌ಟೆನ್ಷನ್ ಬೋರ್ಡಿನ ಅರ್ಥ್ ಕೆಲಸ ಮಾಡುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಕೊಳ್ಳಲಿ. ಪ್ರಶ್ನೆ ಕೇಳಿದ ಓದುಗರು ಚಾರ್ಜರ್ ತೆಗೆದಾಗ ಏನಾಯಿತು, ಫೇಡರ್ ಇಳಿಸಿದಾಗ ಏನಾಯಿತು, ಸ್ಪೀಕರಿಗೆ ಯಾವ ಕೇಬಲ್ ಹಾಕಿದ್ದಾರೆ, ಈ ಮೂರನ್ನು ನಿಮಗೆ ಬರೆದು ತಿಳಿಸಲಿ. ನೀವು ಅದನ್ನು ನನಗೆ ತಲುಪಿಸಿದರೆ ಮುಂದಿನ ಉತ್ತರ ನಾನು ಬರೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ, ಒಬ್ಬ ಸೌಂಡ್ ಎಂಜಿನಿಯರ್